ಗೋ ಭಾಷೆಯ ಜಿಪುಣತನ

ಗೂಗಲ್ 2009ರಲ್ಲಿ ಹೊರತಂದ ಗೋ ಭಾಷೆಯಲ್ಲಿ ನನಗೆ ಹಿಡಿಸಿದ್ದು ಅದರ ಜಿಪುಣತನ. ಕೀವರ್ಡ್‌ಗಳು 25 ಮಾತ್ರ. ಲೂಪ್ ಬೇಕೆಂದರೆ ‘ಫಾರ್’ ಒಂದೇ. ‘ವೈಲ್’ ಇಲ್ಲವೇ ಇಲ್ಲ. ಇಂಪೋರ್ಟ್ ಮಾಡಿಕೊಂಡ ಪ್ಯಾಕೇಜನ್ನು ಬಳಸದೆ ಬಿಟ್ಟರೆ ಕಂಪೈಲರ್ ಬರೀ ಎಚ್ಚರಿಸಿ ಸುಮ್ಮನಾಗುವುದಿಲ್ಲ, ಮುಂದಕ್ಕೆ ಹೋಗಲು ಬಿಡುವುದೇ ಇಲ್ಲ. (ಅರ್ಧ ಬರೆದು ಪರೀಕ್ಷಿಸುವಾಗ ಇದು ರೇಗಿಸುತ್ತದೆ, ನಿಜ.) ಟ್ಯಾಬೋ ಸ್ಪೇಸೋ ಎಂಬ ಹಳೇ ಜಗಳವನ್ನು ಜೊತೆಗೇ ಬರುವ, ಕೋಡನ್ನು ಒಂದೇ ರೀತಿ ಜೋಡಿಸುವ ‘ಗೋಫಮ್ಟ್’ ಸಾಧನ ಮುಗಿಸಿಬಿಟ್ಟಿದೆ. ಹಾಗಾಗಿ ಅಪರಿಚಿತರ ಕೋಡ್ ಕೂಡ ಪಕ್ಕದ ಮೇಜಿನವರು ಬರೆದಂತೆ ಓದಿಸಿಕೊಳ್ಳುತ್ತದೆ.

ಒಂದೇ ಫಂಕ್ಷನ್ ಹಲವು ಟೈಪುಗಳಿಗೆ ಒದಗುವಂತೆ ಮಾಡುವ ಜೆನೆರಿಕ್ಸ್ ಬೇಕೆಂದು ಬಳಕೆದಾರರು ವರ್ಷಗಟ್ಟಲೆ ಕೇಳಿದರು. ಸಿಕ್ಕಿದ್ದು 2022ರಲ್ಲಿ, 1.18ನೇ ಆವೃತ್ತಿಯಲ್ಲಿ. ಅಷ್ಟು ಕಾಯಿಸಿದ್ದು ಅತಿಯಾಯಿತು. ಒಂದೇ ಫಂಕ್ಷನ್ನನ್ನು ಪ್ರತಿ ಟೈಪಿಗೂ ನಕಲು ಮಾಡುವ ಕೆಲಸ ಯಾರಿಗೆ ಬೇಕು? ಆದರೆ ಎರರ್ ಬರಬಹುದಾದ ಕಡೆಯೆಲ್ಲ ‘ಇಫ್’ ಬರೆಸುವ ಅದರ ಹಟ ನನಗಿಷ್ಟ: ಎಲ್ಲೆಲ್ಲಿ ಕೆಲಸ ಕೆಡಬಹುದೆಂಬುದು ಓದುವವರ ಕಣ್ಣೆದುರೇ ಇರುತ್ತದೆ.