ಈ ಸಲ ಕಿಟಕಿ ಸೀಟು ಬೇಡ

ಬಸ್ಸಾಗಲಿ ರೈಲಾಗಲಿ, ನನಗೆ ಕಿಟಕಿ ಸೀಟೇ ಆಗಬೇಕು. ಶಿರಾಡಿ ಘಾಟಿಯ ಮಂಜು ಕಾಣದಿದ್ದರೆ ಮಂಗಳೂರಿಗೆ ಹೋಗಿಬಂದ ಹಾಗೇ ಅನಿಸುವುದಿಲ್ಲ. ಆದರೆ ದೂರದ ವಿಮಾನದಲ್ಲಿ ಈಗ ಕೇಳಿ ಪಡೆಯುವುದು ಐಲ್ ಸೀಟು. ನನ್ನ ಮನಸ್ಸು ಬದಲಾದದ್ದು ದೊಡ್ಡಮ್ಮನಿಂದ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದ ಅವರು ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನದಲ್ಲಿ, ಹದಿನೇಳು ಗಂಟೆ ಕಿಟಕಿ ಪಕ್ಕ ಕೂತು ಬಂದಿದ್ದರು. ವೀಲ್‌ಚೇರಿನಿಂದ ಇಳಿದರೆ ಪಾದ ಚಪ್ಪಲಿಯೊಳಗೆ ಹೋಗಲೊಲ್ಲದು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದೆ; ಬಿದ್ದ ಗುಳಿ ಹಾಗೇ ನಿಂತಿತು. “ಪಕ್ಕದವರಿಬ್ರೂ ಮಲಗಿದ್ರು ಕಣೋ, ಎಬ್ಬಿಸೋಕೆ ಸಂಕೋಚ. ಬಾತ್‌ರೂಮಿಗೆ ಏಳ್ಬೇಕಾಗುತ್ತೆ ಅಂತ ನೀರೂ ಕುಡೀಲಿಲ್ಲ.” ಎರಡೂ ಕಾಲು ಸಮನಾಗಿ ಊದಿದ್ದವು, ಮರುದಿನಕ್ಕೆ ಇಳಿದವು. ಒಂದೇ ಕಾಲು ಊದಿ ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಕಾರನ್ನು ಮನೆಗಲ್ಲ, ಆಸ್ಪತ್ರೆಗೆ ತಿರುಗಿಸಬೇಕಿತ್ತು.

ಮೀನಖಂಡವೇ ಕಾಲಿನ ಪಂಪು. ಹೆಜ್ಜೆಯಿಟ್ಟಾಗಲೆಲ್ಲ ಅದು ಒಳಗಿನ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಂಡಿ ಮಡಚಿ ಗಂಟೆಗಟ್ಟಲೆ ಕೂತರೆ ರಕ್ತದ ಓಟ ಮಂದವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಇದಕ್ಕೆ ವಿಮಾನವೇ ಆಗಬೇಕೆಂದಿಲ್ಲ. 1940ರಲ್ಲಿ ಬಾಂಬ್ ದಾಳಿಗೆ ಹೆದರಿ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುರ್ಚಿ ಮೇಲೆ ಕೂತಿರುತ್ತಿದ್ದ ಲಂಡನ್ನಿನವರಲ್ಲಿ ಕೆಲವರು ಹೀಗೇ ಸತ್ತದ್ದನ್ನು ವೈದ್ಯ ಕೀತ್ ಸಿಂಪ್ಸನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ವಿಮಾನ, ರೈಲು, ಬಸ್ಸು, ಕಾರು ಯಾವುದೇ ಇರಲಿ, 4 ಗಂಟೆ ಮೀರಿ ಕದಲದೆ ಕೂತರೆ ಅಪಾಯ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಎರಡು ಪಟ್ಟೆಂದರೂ ಆರೋಗ್ಯವಂತರಲ್ಲಿ ಸುಮಾರು 6,000 ಮಂದಿಗೆ ಒಬ್ಬರು. ಪ್ರಯಾಣವನ್ನೇ ಬಿಡುವಷ್ಟು ಹೆದರಿಕೆ ಬೇಡ.

ನನಗೆ ಬಹಳ ಹಿಡಿಸಿದ್ದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ. ಹಲವು ಅಧ್ಯಯನಗಳ 2,637 ವಿಮಾನ ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಂಪ್ರೆಷನ್ ಸ್ಟಾಕಿಂಗ್ಸ್ ಹಾಕಿದ್ದರು. ಒಟ್ಟು 50 ಮಂದಿಯ ಕಾಲಿನಲ್ಲಿ ಅವರಿಗೇ ಗೊತ್ತಾಗದಂತೆ ರಕ್ತ ಹೆಪ್ಪುಗಟ್ಟಿತ್ತು. ಅವರಲ್ಲಿ 47 ಮಂದಿ ಸ್ಟಾಕಿಂಗ್ಸ್ ಹಾಕದವರು, ಹಾಕಿದವರು ಮೂವರೇ. ಮೊಣಕಾಲವರೆಗಿನ ಒಂದು ಜೊತೆ ಬಿಗಿ ಕಾಲುಚೀಲ ಇಷ್ಟು ಕೆಲಸ ಮಾಡುತ್ತದೆ! ಕಾಲಿಗೆ ರಕ್ತ ಸರಿಯಾಗಿ ಇಳಿಯದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹಾಕಬಾರದು. ಆಸ್ಪಿರಿನ್ ನುಂಗಿ ವಿಮಾನ ಹತ್ತುವವರೂ ಇದ್ದಾರೆ. ಇದಕ್ಕೆಂದೇ ಅದನ್ನು ತೆಗೆದುಕೊಳ್ಳಬೇಡಿ ಎಂದು ಅಮೆರಿಕದ ಎದೆರೋಗ ತಜ್ಞರು 2012ರಲ್ಲೇ ಹೇಳಿದ್ದಾರೆ.

ನಿಮ್ಮ ತಾಯಿ ಬಾಣಂತನಕ್ಕೆ ಹೊರಟಿದ್ದರೆ ಉಪ್ಪಿನಕಾಯಿ ಡಬ್ಬಿ ಕಟ್ಟುವ ಮೊದಲು ಐಲ್ ಸೀಟು ಕಾದಿರಿಸಿ. ಪಕ್ಕದವರನ್ನು ಎಬ್ಬಿಸುವುದು ತಪ್ಪಲ್ಲ ಎಂದು ಎರಡೆರಡು ಸಲ ಹೇಳಿ ಕಳಿಸಿ. ಊರು ತಲುಪಿ ನಾಲ್ಕು ವಾರದೊಳಗೆ ಏಕಾಏಕಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ವಿಮಾನದಲ್ಲಿ ಬಂದ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸಿ.