ಬಾಲ್ಯಸ್ಮೃತಿಯೂ ಗ್ರಾಮಸಾಕ್ಷ್ಯವೂ

ಕನ್ನಡದ ಹೊಸಗದ್ಯದಲ್ಲಿ ಬಾಲ್ಯದ ಹಳ್ಳಿಯನ್ನು ನೆನೆದು ಬರೆದ ಗ್ರಂಥಗಳದು ಒಂದು ಪ್ರತ್ಯೇಕವಾದ ವರ್ಗವೇ ಆಗಿದೆ. ಪ್ರಬಂಧ, ವ್ಯಕ್ತಿಚಿತ್ರ, ಆತ್ಮಕಥೆ ಎಂದು ಹೆಸರುಗಳು ಬೇರೆಬೇರೆಯಾದರೂ ಬೀಜವು ಒಂದೇ. ಊರನ್ನು ಬಿಟ್ಟು ಹೋದವನು, ತಾನು ಬಿಟ್ಟ ಊರೂ ಮೊದಲಿನಂತೆ ಉಳಿದಿಲ್ಲವೆಂಬುದನ್ನು ಕಂಡು ಲೇಖನಿಯನ್ನು ಹಿಡಿಯುವನು. ಇಂತಹ ಗ್ರಂಥಗಳನ್ನು ಪಾಠಹೇಳುವ ಉಪಾಧ್ಯಾಯರು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುವುದುಂಟು. ಇವು ಗತಕಾಲದ ಗ್ರಾಮಜೀವನದ ಯಥಾರ್ಥಚಿತ್ರಗಳು ಎಂಬುದೊಂದು. ಇವು ಹೃದಯಂಗಮವಾದುವು ಎಂಬುದಿನ್ನೊಂದು. ಇವೆರಡನ್ನೂ ಒಂದೇ ಮಾತೆಂದು ಭಾವಿಸುವುದರಿಂದಲೇ ವಿಮರ್ಶೆಗೆ ತೊಡಕುಂಟಾಗಿದೆ. ಹೃದ್ಯವಾದುದೆಲ್ಲವೂ ಯಥಾರ್ಥವಲ್ಲ, ಯಥಾರ್ಥವಾದುದೆಲ್ಲವೂ ಹೃದ್ಯವಲ್ಲ. ಆದುದರಿಂದ ಸ್ಮೃತಿಯ ಸ್ವರೂಪವನ್ನು ಮೊದಲು ವಿಚಾರಿಸುವುದು ಯುಕ್ತ.

ಆಲಂಕಾರಿಕರ ಮತದಲ್ಲಿ ಸ್ಮೃತಿಯು ಭರತನು ಹೇಳಿರುವ ೩೩ ವ್ಯಭಿಚಾರಿಭಾವಗಳಲ್ಲಿ ಒಂದು. ವ್ಯಭಿಚಾರಿಯೆಂದರೆ ಸ್ಥಾಯಿಯನ್ನು ಅನುಸರಿಸಿ ಬಂದು ಹೋಗತಕ್ಕದ್ದು. ತಾನೇ ನಿಂತು ರಸವಾಗತಕ್ಕದ್ದಲ್ಲ. ನೆನೆದ ಮಾತ್ರದಿಂದಲೇ ಬರಹವು ಕಾವ್ಯವಾಗದೆಂಬುದು ಇದರಿಂದ ಸಿದ್ಧವಾಗುವುದು. ನೈಯಾಯಿಕರಾದರೋ ಇನ್ನೂ ಕಠಿನರು. ಅವರು ಬುದ್ಧಿಯನ್ನು ಸ್ಮೃತಿ, ಅನುಭವ ಎಂದು ಎರಡಾಗಿ ವಿಭಾಗಿಸಿ, ಯಥಾರ್ಥವಾದ ಅನುಭವಕ್ಕೆ ಮಾತ್ರವೇ ಪ್ರಮೆಯೆಂಬ ಗೌರವವನ್ನು ಕೊಟ್ಟಿರುವರು. ಸ್ಮೃತಿಯು ಕೇವಲ ಸಂಸ್ಕಾರದಿಂದ ಹುಟ್ಟಿದುದು. ಹಿಂದೆ ತಿಳಿದುದನ್ನೇ ಮತ್ತೆ ತಿಳಿಸುವುದು. ಹೀಗಿರುವಲ್ಲಿ ಬಾಲ್ಯಸ್ಮೃತಿಯ ಗ್ರಂಥವು ಅತ್ತ ರಸವೂ ಆಗದೆ ಇತ್ತ ಪ್ರಮಾಣವೂ ಆಗದೆ ನಡುವೆ ನಿಂತಂತಾಯಿತಲ್ಲವೆ, ಎಂದು ಪೂರ್ವಪಕ್ಷವು ಏಳಬಹುದು.

ಇದಕ್ಕೆ ಸಮಾಧಾನವನ್ನು ಪಾಠಶಾಲೆಯ ಬಾಲಕರೂ ಓದುವ ತರ್ಕಸಂಗ್ರಹದಲ್ಲಿಯೇ ಕಾಣಬಹುದು. ಅನ್ನಂಭಟ್ಟನು ಸ್ಮೃತಿಯನ್ನು ಪ್ರಮೆಯ ಹೊರಗಿಟ್ಟರೂ ಅದನ್ನು ಅಲ್ಲಿಗೇ ಬಿಡಲಿಲ್ಲ. ಸ್ಮೃತಿಯೂ ಎರಡು ಬಗೆ. ಪ್ರಮೆಯಿಂದ ಹುಟ್ಟಿದುದು ಯಥಾರ್ಥ, ಅಪ್ರಮೆಯಿಂದ ಹುಟ್ಟಿದುದು ಅಯಥಾರ್ಥವೆಂಬುದು ಅವನ ಅಭಿಪ್ರಾಯ. ಎಂದರೆ ನೆನಪಿನ ಸತ್ಯವು ನೆನಪಿನ ಮಾಧುರ್ಯದಲ್ಲಿಲ್ಲ. ಅದಕ್ಕೆ ಮೂಲವಾದ ಅನುಭವದಲ್ಲಿದೆ. ಬಾಲಕನ ಕಾಲು ಎಲ್ಲಿಯವರೆಗೆ ನಡೆಯಿತೋ ಅಲ್ಲಿಯವರೆಗೆ ಅವನ ಪ್ರತ್ಯಕ್ಷ. ಅಲ್ಲಿಂದ ಮುಂದೆ ಕೇಳಿಕೆ. ಅದರಿಂದಲೂ ಮುಂದೆ ಪ್ರೌಢನಾದ ಮೇಲೆ ಬಂದ ಹಂಬಲ. ಈ ಮೂರರ ಗಡಿಗಳು ಯಾವ ಗ್ರಂಥದಲ್ಲಿ ಸ್ಪಷ್ಟವಾಗಿವೆಯೋ ಅದನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದು. ಗಡಿಗಳು ಕಲಸಿಹೋದೆಡೆ ಗ್ರಂಥವು ಎಷ್ಟೇ ರಮ್ಯವಾಗಿದ್ದರೂ ಅದರಿಂದ ಹಳ್ಳಿಯನ್ನು ತಿಳಿಯಲಾಗದು. ಲೇಖಕನ ಮನಸ್ಸನ್ನು ಮಾತ್ರವೇ ತಿಳಿಯಬಹುದು.

ಈ ನಿಕಷಕ್ಕೆ ಪ್ರಸಿದ್ಧಗ್ರಂಥಗಳನ್ನು ಹಿಡಿದು ನೋಡೋಣ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಹಳ್ಳಿಯ ಚಿತ್ರಗಳು’ ೧೯೩೦ರಲ್ಲಿ ಹೊರಬಂದಿತು. ಬಾಲ್ಯದ ನೆನಪುಗಳೂ ಪ್ರಾಯದ ನೋಟಗಳೂ ಅದರಲ್ಲಿ ಬೆರೆತಿವೆ. ಹೇಮಾವತಿಯ ದಡ, ಊರಿನ ರಸಿಕರು, ಅವರ ಜಗಳ, ನಗೆ, ಮಾತಿನ ವರಸೆ, ಇವೆಲ್ಲವೂ ಕಿವಿಗೆ ಕೇಳುವಂತೆ, ಕಣ್ಣಿಗೆ ಕಾಣುವಂತೆ ಬಂದಿವೆ. ಅಯ್ಯಂಗಾರ್ಯರ ಹಾಸ್ಯಕ್ಕೆ ಒಂದು ವಿಶೇಷಗುಣವಿದೆ. ಅದು ತನ್ನನ್ನೂ ಬಿಡುವುದಿಲ್ಲ. ಹಂಬಲವು ಉಬ್ಬಿ ಸತ್ಯವನ್ನು ನುಂಗದಂತೆ ಕಾಯುವುದು ಈ ನಗೆಯೇ. ಮುಂದೆ ಗೊರೂರಿನ ಬಳಿಯಲ್ಲಿಯೇ ಹೇಮಾವತಿಗೆ ಅಣೆಕಟ್ಟು ಬಂದಿತು. ಆದುದರಿಂದ ಹೊಳೆಯ ಹಳೆಯ ನಡೆಯನ್ನು ತಿಳಿಯಬೇಕಾದವರಿಗೆ ಈ ಚಿತ್ರಗಳ ಬೆಲೆ ಹೆಚ್ಚಿದೆ. ಆದರೂ ಈ ಸ್ಮೃತಿಯ ಪ್ರತ್ಯಕ್ಷವು ಅಗ್ರಹಾರದ ಜಗುಲಿಯಿಂದ ಹೊಳೆಯ ಸೋಪಾನದವರೆಗಿನದು. ಬೇರೆ ಕೇರಿಯವರು ಬಹುಮಟ್ಟಿಗೆ ಜಗುಲಿಯೆದುರಿಗೆ ಬಂದು ನಿಂತವರಾಗಿ ಕಾಣುವರು. ಲೇಖಕರು ಗಾಂಧೀಜಿಯವರ ಮಾರ್ಗದಲ್ಲಿ ನಡೆದವರು. ಅವರ ಅನುಕಂಪದಲ್ಲಿ ಕೊರತೆಯಿಲ್ಲ. ಆದರೆ ಅನುಕಂಪವು ಪ್ರತ್ಯಕ್ಷದ ಸ್ಥಾನವನ್ನು ತುಂಬಲಾರದು.

ಕುವೆಂಪು ಅವರಲ್ಲಿ ಬೇರೊಂದು ವಿಶೇಷವನ್ನು ಕಾಣುತ್ತೇವೆ. ಅವರು ‘ಮಲೆನಾಡಿನ ಚಿತ್ರಗಳು’ ಎಂಬುದನ್ನು ೧೯೩೩ರಲ್ಲಿ, ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯನ್ನು ೧೯೮೦ರಲ್ಲಿ ಪ್ರಕಟಿಸಿದರು. ಕುಪ್ಪಳಿಯ ಬಾಲ್ಯವನ್ನು ಒಬ್ಬರೇ ಎರಡು ಸಲ, ಸುಮಾರು ಅರ್ಧಶತಮಾನದ ಅಂತರದಲ್ಲಿ, ನೆನೆದಿರುವರು. ಮೊದಲನೆಯದು ಮೈಸೂರಿನಲ್ಲಿದ್ದ ತರುಣನು ಕಾಡನ್ನು ಬಯಸಿ ಬರೆದುದು. ಅಲ್ಲಿ ಸ್ಮೃತಿಯು ಔತ್ಸುಕ್ಯವೆಂಬ ಮತ್ತೊಂದು ಸಂಚಾರಿಯ ಕೈಹಿಡಿದು ಬರುವುದು. ಎರಡನೆಯದರಲ್ಲಿ ವೃದ್ಧನು ತನ್ನ ಹಳೆಯ ದಿನಚರಿಗಳನ್ನು ತೆರೆದಿಟ್ಟುಕೊಂಡು ನೆನಪನ್ನು ಬರಹದೊಡನೆ ತಾಳೆನೋಡುವನು. ಮೊದಲನೆಯದು ಹೆಚ್ಚು ಹೃದ್ಯ, ಎರಡನೆಯದು ಹೆಚ್ಚು ಪ್ರಮಾಣ. ಎರಡನ್ನೂ ಒಟ್ಟಿಗೆ ಓದಿಸುವ ಉಪಾಧ್ಯಾಯನು ಸ್ಮೃತಿಯ ಲಕ್ಷಣವನ್ನು ಸೂತ್ರವಿಲ್ಲದೆಯೇ ಬೋಧಿಸಿದಂತಾಗುವುದು.

ಸಿದ್ಧಲಿಂಗಯ್ಯನವರ ‘ಊರು ಕೇರಿ’ಯು ತನ್ನ ಹೆಸರಿನಲ್ಲಿಯೇ ಗಡಿಯನ್ನು ಹೇಳಿಕೊಂಡಿದೆ. ಮಾಗಡಿ ಸೀಮೆಯ ಮಂಚನಬೆಲೆಯ ಕೇರಿಯಲ್ಲಿ ಬೆಳೆದ ಬಾಲಕನು ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗ ಹೊತ್ತು ನಡೆಯುವುದನ್ನು ಕಾಣುವನು. ಅವರಲ್ಲೊಬ್ಬನು ಅವನ ತಂದೆ. ಲೇಖಕರು ಇದಕ್ಕೆ ವ್ಯಾಖ್ಯಾನವನ್ನು ಬರೆದಿಲ್ಲ, ಓದುವವನು ಅಳಲೆಂದು ಸ್ವರವನ್ನು ಏರಿಸಿಲ್ಲ. ಕಂಡುದು ಮಾತ್ರವೇ ಇದೆ. ಪ್ರತ್ಯಕ್ಷದಿಂದ ಹುಟ್ಟಿದ ಸ್ಮೃತಿಯೆಂದರೆ ಇದೇ. ಜಗುಲಿಯ ಮೇಲಿನ ನೆನಪಿನಲ್ಲಿ ಈ ದೃಶ್ಯಕ್ಕೆ ಎಡೆಯೇ ಇರಲಿಲ್ಲ. ಅಲ್ಲಿಯವರು ಸುಳ್ಳಾಡಿದರೆಂದು ಇದರ ಅರ್ಥವಲ್ಲ. ಆ ಬಾಲಕರ ಕಾಲು ಆ ಹೊಲದವರೆಗೆ ನಡೆಯಲಿಲ್ಲ. ಸಂಸ್ಕೃತಪಾಠಶಾಲೆಗಳಲ್ಲಿ ಬೆಳೆದ ವಿಮರ್ಶಕವರ್ಗವು ಗ್ರಾಮಜೀವನವೆಂದರೆ ಅಗ್ರಹಾರದ ಜೀವನವೆಂದೇ ಬಹುಕಾಲ ನಂಬಿತ್ತು. ಆ ನಂಬಿಕೆಯನ್ನು ಈ ಚಿಕ್ಕಗ್ರಂಥದ ಮುಂದೆ ತಿದ್ದಿಕೊಳ್ಳದೆ ಗತ್ಯಂತರವಿಲ್ಲ.

ಹಾಗಾದರೆ ಒಂದು ನೆನಪು ಇನ್ನೊಂದನ್ನು ಬಾಧಿಸುವುದೆ? ಇಲ್ಲ. ಉದಾಹರಣೆಗೆ ೧೯೬೧ರ ಗ್ರಾಮಹುದ್ದೆಗಳ ರದ್ದಿಯಾತಿ ಶಾಸನವನ್ನು ನೋಡಬಹುದು. ಅದರಿಂದ ಶಾನುಭೋಗಿಕೆ, ಪಟೇಲಿಕೆಗಳೊಡನೆ ತೋಟಿ, ತಳವಾರ, ನೀರುಗಂಟಿಗಳ ವಂಶಪಾರಂಪರ್ಯದ ಚಾಕರಿಯೂ ಕೊನೆಗೊಂಡಿತು. ಶಾನುಭೋಗರ ಮನೆಯ ಹುಡುಗನ ನೆನಪಿನಲ್ಲಿ ಅದು ಕಡತಗಳ ಗಂಟು ಮನೆಯಿಂದ ಹೊರಟ ದಿನ. ತೋಟಿಯ ಮನೆಯ ಹುಡುಗನಿಗೆ ಅಪ್ಪನನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೂಗುವವರು ಇಲ್ಲವಾದ ದಿನ. ಎರಡೂ ಯಥಾರ್ಥವೇ. ಒಂದನ್ನು ಮಾತ್ರ ಪಠ್ಯದಲ್ಲಿಟ್ಟು ಅದನ್ನೇ ಊರೆಂದು ಕರೆದಾಗ ಅಯಥಾರ್ಥವು ಹುಟ್ಟುವುದು.

ಸ್ಮೃತಿಯ ಬಲಾಬಲಗಳೆರಡನ್ನೂ ತೋರಿಸುವ ಇನ್ನೊಂದು ನಿದರ್ಶನವು ಸಮಾಜಶಾಸ್ತ್ರಜ್ಞರಾದ ಮೈಸೂರಿನ ಎಂ. ಎನ್. ಶ್ರೀನಿವಾಸರದು. ಅದು ಬಾಲ್ಯದ ನೆನಪಲ್ಲವಾದರೂ ಇಲ್ಲಿಗೆ ಪ್ರಸ್ತುತ. ಅವರು ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಟಿಪ್ಪಣಿಗಳನ್ನು ಸಂಗ್ರಹಿಸಿದರು. ಗ್ರಂಥದಲ್ಲಿ ಆ ಹಳ್ಳಿಗೆ ರಾಂಪುರವೆಂದು ಹೆಸರಿಟ್ಟರು. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲವೂ ಸುಟ್ಟುಹೋದುವು. ಬಳಿಕ ಮುಖ್ಯವಾಗಿ ನೆನಪನ್ನೇ ನೆಚ್ಚಿ ಬರೆದ ಇಂಗ್ಲಿಷ್ ಗ್ರಂಥವು ೧೯೭೬ರಲ್ಲಿ ಪ್ರಕಟವಾಯಿತು. ಊರ ಮುಖ್ಯಸ್ಥನ ಆಶ್ರಯದಲ್ಲಿದ್ದ ತಮಗೆ ಊರೆಲ್ಲವೂ ಸಮವಾಗಿ ಕಾಣಲಿಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ಆ ಒಪ್ಪಿಗೆಯಿಂದ ಗ್ರಂಥದ ಪ್ರಾಮಾಣ್ಯವು ಕುಂದದೆ ಹೆಚ್ಚಿತು.

ಈ ಬಗೆಯ ಬರಹವು ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಮಲೇಷ್ಯದ ಲಾಟ್ ಎಂಬ ವ್ಯಂಗ್ಯಚಿತ್ರಕಾರನು ೧೯೭೯ರಲ್ಲಿ ತನ್ನ ಬಾಲ್ಯದ ಹಳ್ಳಿಯನ್ನು ಚಿತ್ರಗಳಲ್ಲಿ ಬರೆದನು. ತವರದ ಅದಿರನ್ನು ತೋಡುವ ದೈತ್ಯಯಂತ್ರವು ಅದರಲ್ಲಿ ಬಾಲಕರ ಕುತೂಹಲಕ್ಕೆ ವಿಷಯವಾಗಿಯೇ ಬರುವುದು. ಆ ಯಂತ್ರವು ಊರಿನ ನೆಲವನ್ನೇ ಬೇಡೀತೆಂಬ ಅರಿವು, ಬಾಲಕನು ಓದಿಗಾಗಿ ಈಪೋ ಪಟ್ಟಣಕ್ಕೆ ಹೊರಡುವ ಕೊನೆಯಲ್ಲಿ ಮಾತ್ರವೇ ಸುಳಿಯುವುದು. ಬಾಲಕನ ವಿಸ್ಮಯದ ಮೇಲೆ ಪ್ರೌಢನ ಶೋಕವನ್ನು ಅವನು ಲೇಪಿಸಲಿಲ್ಲ. ಈ ಸಂಯಮವು ಯಾವ ಭಾಷೆಯಲ್ಲಿಯೂ ಸುಲಭವಲ್ಲ.

ಹಳೆಯದನ್ನೂ ಹೊಸದನ್ನೂ ಹೀಗೆ ಬೇರ್ಪಡಿಸಿ ಕಾಣುವ ಕ್ರಮವನ್ನು ಭವಭೂತಿಯು ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ತೋರಿಸಿರುವನು. ಬಹುವರ್ಷಗಳ ಮೇಲೆ ವನಕ್ಕೆ ಮರಳಿದ ರಾಮನಿಗೆ ಹರಿವಿದ್ದಲ್ಲಿ ಮರಳು, ದಟ್ಟವಿದ್ದಲ್ಲಿ ವಿರಳ ಕಂಡುಬಂದು ಸ್ಥಳವೇ ಬೇರೆಯೆನಿಸುವುದು. ಬೆಟ್ಟಗಳ ನೆಲೆಯಿಂದ ಮಾತ್ರ ಇದು ಅದೇ ವನವೆಂದು ನಿಶ್ಚಯವಾಗುವುದು. ಏನೇನು ಬದಲಾಯಿತೆಂಬುದನ್ನು ಒಂದೊಂದಾಗಿ ಹೇಳಬೇಕು. ಬದಲಾಗದ ಒಂದು ಗುರುತನ್ನೂ ಹಿಡಿದಿರಬೇಕು. ಪ್ರತ್ಯಭಿಜ್ಞೆಗೆ ಇವೆರಡೂ ಬೇಕು.

ಈಗ ಚಿತ್ರದುರ್ಗದ ಸೀಮೆಗೆ ಬರೋಣ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯು ಹೋಬಳಿಯ ಊರು. ಕೆರೆಯನ್ನು ತನ್ನ ಹೆಸರಿನಲ್ಲಿಯೇ ಉಳ್ಳುದು. ಇದು ಗೊರೂರಿನಂತೆ ತುಂಬುಹೊಳೆಯ ಸೀಮೆಯಲ್ಲ, ಕುಪ್ಪಳಿಯಂತೆ ಕಾಡಿನದೂ ಅಲ್ಲ. ಮಳೆಯನ್ನು ಎದುರುನೋಡುವ ಬಯಲುಸೀಮೆ. ತ. ರಾ. ಸುಬ್ಬರಾಯರ ಕಾದಂಬರಿಗಳಿಂದ ದುರ್ಗದ ಕೋಟೆಯ ನೆನಪು ನಾಡಿಗೆಲ್ಲ ಪರಿಚಿತವಾಯಿತು, ತ. ಸು. ಶಾಮರಾಯರ ‘ಮೂರು ತಲೆಮಾರು’ ತಳುಕಿನ ಒಂದು ಮನೆತನವನ್ನು ಉಳಿಸಿಕೊಟ್ಟಿತು. ಕೋಟೆಗೆ ದೊರೆತ ಈ ಭಾಗ್ಯವು ಕೆರೆಗಳಿಗೆ ಅಷ್ಟಾಗಿ ದೊರೆಯಲಿಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಈ ಸೀಮೆಯ ಬಾಲಕನಿಗೆ ಒಂದು ಕಾಲದಲ್ಲಿ ಓಡಾಡುವ ಸ್ಥಳಗಳಾಗಿದ್ದುವು. ಹಗೇವು, ಕಪಿಲೆ, ರೋಣಗಲ್ಲುಗಳು ದಿನವೂ ಕಾಣುವ ವಸ್ತುಗಳಾಗಿದ್ದುವು. ಕೊಳವೆಬಾವಿ ಬಂದಮೇಲೆ ಕಪಿಲೆ ನಿಂತಿತು. ನೀರುಗಂಟಿಯ ಕೆಲಸವು ಅರ್ಥವನ್ನು ಕಳೆದುಕೊಂಡಿತು. ಆ ಮಾತುಗಳು ಈಗ ನಿಘಂಟಿಗೆ ಸೇರುವ ಹಾದಿಯಲ್ಲಿವೆ.

ನೆನಪಿನ ಆಯುಸ್ಸು ಎಷ್ಟೆಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ಅಳತೆಯುಂಟು. ವೇದಾವತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸಸಾಗರವು ೧೯೦೭ರಲ್ಲಿ ಪೂರ್ಣವಾಯಿತು. ಅದು ೧೯೩೩ರಲ್ಲಿ ಕೋಡಿ ಬಿದ್ದುದು ಬಿಟ್ಟರೆ ಮರಳಿ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು. ಮೊದಲ ಕೋಡಿಯನ್ನು ಹತ್ತನೆಯ ವಯಸ್ಸಿನಲ್ಲಿ ಕಂಡ ಬಾಲಕನು ಎರಡನೆಯದನ್ನು ಕಾಣಬೇಕಾದರೆ ೯೯ ವರ್ಷ ಬದುಕಿರಬೇಕು. ಬರೆಯದ ನೆನಪು ಎರಡು ಕೋಡಿಗಳ ನಡುವೆ ಬತ್ತಿಹೋಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದುದರಿಂದ ಇಂತಹ ಊರುಗಳ ಬಾಲ್ಯಸ್ಮೃತಿಯನ್ನು ಬರೆಯುವವರೂ ಬರೆಯಿಸುವವರೂ ಮುಖ್ಯವಾಗಿ ಗಮನಿಸಬೇಕಾದುದು ಇಷ್ಟು. ಕಂಡುದನ್ನು ಕಂಡುದೆಂದೂ ಕೇಳಿದುದನ್ನು ಕೇಳಿದುದೆಂದೂ ಹೇಳಬೇಕು. ಯಾವ ಕೇರಿಯಿಂದ ನೋಡಿದುದೆಂಬುದನ್ನು ಮುಚ್ಚಬಾರದು. ಕೆಲಸದ, ಉಪಕರಣದ, ನೀರಿನ ಹೆಸರುಗಳನ್ನು ಬಿಡಬಾರದು. ಹಂಬಲವು ತಾನಾಗಿಯೇ ಬಂದರೆ ಬರಲಿ. ಅದನ್ನು ಕರೆಯುವ ಅಗತ್ಯವಿಲ್ಲ. ಭವಭೂತಿಯ ರಾಮನಿಗೆ ಬೆಟ್ಟಗಳು ಹೇಗೋ ಹಾಗೆ ಬಯಲುಸೀಮೆಯವನಿಗೆ ಕೆರೆಯ ಏರಿ. ನೀರು ಬತ್ತಿದರೂ ಏರಿಯು ನಿಂತಿರುವುದು. ಅದರ ಮೇಲೆ ನಿಂತು ಇದು ಅದೇ ಊರೆಂದು ನಿಶ್ಚಯಿಸಬಲ್ಲವರು ಇರುವಾಗಲೇ, ಅಗ್ರಹಾರದಿಂದಲೂ ಕೇರಿಯಿಂದಲೂ, ಅವರ ಮಾತು ಬರಹಕ್ಕೆ ಇಳಿಯಬೇಕು.