ತಡಬೆ ದಾಟಿದರೆ ಇಂಗ್ಲೆಂಡು

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಮಗಳು, ಅಳಿಯ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ. ಗಂಡ ಹೆಂಡತಿ ಮೇ ತಿಂಗಳಲ್ಲಿ ಹೊರಡುತ್ತಾರೆ. "ಮಕ್ಕಳಿಗೆ ಶನಿವಾರ, ಭಾನುವಾರ ಬಿಟ್ಟರೆ ಬಿಡುವಿಲ್ಲ. ಹೋದ ಸಲ ಆರು ವಾರ ಕಿಟಕಿಯಲ್ಲಿ ಪಕ್ಕದ ಮನೆಯ ಹಿತ್ತಲು ನೋಡಿಕೊಂಡು ಕೂತಿದ್ದೆವು. ಈ ಸಲ ನಾವಿಬ್ಬರೇ ಒಂದು ವಾರ ಅಲ್ಲಿನ ಹಳ್ಳಿಗಾಡು ನೋಡಬೇಕು ಅಂತ ಆಸೆ. ಮಗಳಿಗೆ ಭಾರವಾಗಬಾರದು, ನನ್ನ ಪಿಂಚಣಿಯಲ್ಲೇ ಆಗಬೇಕು. ಆಗುತ್ತದೆಯೇ?"

ಆಗುತ್ತದೆ ಮೇಷ್ಟ್ರೇ.

ಈ ಅಂಕಣ ಓದುವವರಿಗೆ ನನ್ನ ಹಳೆಯ ಜಗಳ ಗೊತ್ತು. ಹತ್ತು ದಿನಕ್ಕೆ ಏಳು ದೇಶ ತೋರಿಸುವವರ ಮೇಲೆ ನನಗಿರುವ ಕೋಪ ಇನ್ನೂ ಆರಿಲ್ಲ. ಮೊದಲ ಸಲ ಇಂಗ್ಲೆಂಡಿಗೆ ಹೋದಾಗ ಅಂಥದೇ ಒಂದು ಬಸ್ಸಿನಲ್ಲಿದ್ದೆ. ವಿಂಡರ್‌ಮಿಯರ್ ಸರೋವರದ ದಂಡೆಯಲ್ಲಿ ಇಳಿಸಿ, "ಇಪ್ಪತ್ತು ನಿಮಿಷ, ಫೋಟೊ ತೆಗೆದುಕೊಂಡು ಬನ್ನಿ" ಎಂದರು. ಇಂಗ್ಲೆಂಡಿನಲ್ಲೇ ದೊಡ್ಡ ಸರೋವರ ಅದು, ಸುಮಾರು 17 ಕಿಲೋಮೀಟರ್ ಉದ್ದ. ಅದರ ತುದಿಯೊಂದರಲ್ಲಿ ಶೌಚಾಲಯದ ಸಾಲಿನಲ್ಲಿ ನಿಂತು ನನ್ನ ಇಪ್ಪತ್ತು ನಿಮಿಷ ಮುಗಿಯಿತು. ಬಾಡಿಗೆ ಕಾರಿನ ಪಂಥದವರೂ ಇದಕ್ಕಿಂತ ದೂರ ಹೋದವರಲ್ಲ. ಒಂದು ದಿನಕ್ಕೆ ಕಾಟ್ಸ್‌ವೋಲ್ಡ್ಸ್‌ನ ಆರು ಹಳ್ಳಿ ಎಂದು ಪಟ್ಟಿ ಹಿಡಿದು ಹೊರಡುತ್ತಾರೆ. ಬಿಬರಿಯ ಹಳೆಯ ನೇಕಾರರ ಮನೆಗಳ ಸಾಲಿನ ಮುಂದೆ ನಿಂತು ಒಂದು ಚಿತ್ರ ತೆಗೆದುಕೊಂಡರೆ ಆ ಊರು ಮುಗಿಯಿತು. ಬಾಡಿಗೆ, ವಿಮೆ, ಪೆಟ್ರೋಲು, ಪಾರ್ಕಿಂಗು ಸೇರಿಸಿ ಲೆಕ್ಕ ಹಾಕಿ, ಹಣ ಸೋರುವುದು ಅಲ್ಲೇ. ಒಂದು ಊರು ಹಿಡಿದು ಅಲ್ಲೇ ಏಳು ರಾತ್ರಿ ಮಲಗುವುದು ನನ್ನ ಪದ್ಧತಿ. ಕೈಯಲ್ಲಿ ಒಂದು ನಕಾಶೆ, ಊರ ಮುಂದೆ ಒಂದು ಬಸ್ಸು ಇರಬೇಕು, ಅಷ್ಟೆ.

ಆ ಊರು ಕೆಸಿಕ್ ಆಗಲಿ. ಲೇಕ್ ಡಿಸ್ಟ್ರಿಕ್ಟ್‌ನ ಉತ್ತರ ಭಾಗದ ಸಂತೆಯೂರು, ಡರ್ವೆಂಟ್ ಸರೋವರಕ್ಕೆ ನಡೆದೇ ಹೋಗಬಹುದು. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಆಕ್ಸನ್‌ಹೋಮ್‌ನಲ್ಲಿ ಇಳಿದು, ಅಲ್ಲಿಂದ ಕವಲು ರೈಲಿನಲ್ಲಿ ವಿಂಡರ್‌ಮಿಯರ್ ಸೇರಬೇಕು. ರೈಲಿನ ಅಡ್ವಾನ್ಸ್ ಟಿಕೆಟ್ಟುಗಳು ಸುಮಾರು ಹನ್ನೆರಡು ವಾರ ಮೊದಲು ಬಿಡುಗಡೆಯಾಗುತ್ತವೆ. ಆಗಲೇ ಕೊಂಡವರಿಗೂ ನಿಲ್ದಾಣಕ್ಕೆ ಹೋಗಿ ಕೊಂಡವರಿಗೂ ಬೆಲೆಯಲ್ಲಿ ಅಜಗಜಾಂತರ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಎಂಬುದಿದೆ, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಅದಕ್ಕೆ ಆ ದೇಶದ ನಿವಾಸಿಯೇ ಆಗಿರಬೇಕಿಲ್ಲ, ಪಾಸ್‌ಪೋರ್ಟ್ ತೋರಿಸಿದರೆ ಕೊಡುತ್ತಾರೆ. ನಮ್ಮವರು ಎಷ್ಟೋ ಮಂದಿ ಇದು ತಿಳಿಯದೆ ಪೂರ್ತಿ ದುಡ್ಡು ಕೊಡುತ್ತಾರೆ. ಲಂಡನ್ನಿನ ಆಸುಪಾಸಿನಲ್ಲಿ ಬೆಳಗಿನ ಆಫೀಸಿನ ಹೊತ್ತಿಗೆ ಮಾತ್ರ ಅದು ನಡೆಯುವುದಿಲ್ಲ. ಹಿರಿಯರ ಉಚಿತ ಬಸ್ ಪಾಸು ಅಲ್ಲಿನ ನಿವಾಸಿಗಳಿಗಷ್ಟೇ, ಅದನ್ನು ಕೇಳಿ ನಿರಾಶರಾಗಬೇಡಿ.

ಪಾಸು ಇಲ್ಲದಿದ್ದರೇನು, ಬಸ್ಸೇ ಅಗ್ಗವಾಗಿದೆ. ಇಂಗ್ಲೆಂಡಿನ ಸ್ಥಳೀಯ ಬಸ್ಸುಗಳ ಒಂದು ಬಾರಿಯ ಪ್ರಯಾಣಕ್ಕೆ ಸರ್ಕಾರ 2023ರಲ್ಲಿ 2 ಪೌಂಡಿನ ಮಿತಿ ಹಾಕಿತು, 2025ರಿಂದ ಅದು 3 ಪೌಂಡ್. ಲ್ಯಾಂಕಾಸ್ಟರ್‌ನಿಂದ ಕೆಂಡಲ್, ವಿಂಡರ್‌ಮಿಯರ್, ಆಂಬಲ್‌ಸೈಡ್, ಗ್ರಾಸ್ಮಿಯರ್ ಮೇಲೆ ಕೆಸಿಕ್‌ಗೆ ಹೋಗುವ 555 ನಂಬರಿನ ಬಸ್ಸಿಗೂ ಇದೇ ದರ. ನನ್ನ ಮಟ್ಟಿಗೆ ಇಂಗ್ಲೆಂಡಿನ ಅತ್ಯುತ್ತಮ ಪ್ರವಾಸಿ ವಾಹನ ಅದು. ಮಹಡಿ ಬಸ್ಸು ಬಂದರೆ ಮೇಲೆ, ಮುಂದಿನ ಸೀಟಿನಲ್ಲಿ ಕೂರಿ. ಕಾರಿನಲ್ಲಿ ಹೋಗುವವರಿಗೆ ಕಲ್ಲಿನ ಗೋಡೆಯಷ್ಟೇ ಕಾಣುತ್ತದೆ, ನಿಮಗೆ ಗೋಡೆಯಾಚೆಯ ಕುರಿ, ಹೊಳೆ, ಗುಡ್ಡದ ನೆತ್ತಿಯ ಮೋಡ ಎಲ್ಲ ಕಾಣುತ್ತವೆ.

ಇರುವುದಕ್ಕೆ ಯೂತ್ ಹಾಸ್ಟೆಲ್. ಹೆಸರಿನಲ್ಲಿ ಯೂತ್ ಇದೆಯೆಂದು ಹಿಂಜರಿಯಬೇಡಿ, ವಯಸ್ಸಿನ ಮಿತಿಯಿಲ್ಲ. ಅಲ್ಲಿ ನಾನು ನೋಡಿದ್ದು ಹೆಚ್ಚಾಗಿ ನಿಮ್ಮ ವಯಸ್ಸಿನವರನ್ನೇ. ಇಂಗ್ಲೆಂಡಿನ ಯೂತ್ ಹಾಸ್ಟೆಲ್ ಸಂಘ ಹುಟ್ಟಿದ್ದು 1930ರಲ್ಲಿ, ಕೈಯಲ್ಲಿ ಕಾಸಿಲ್ಲದ ಊರುಮಂದಿ ಹಳ್ಳಿಗಾಡಿನಲ್ಲಿ ಒಂದು ರಾತ್ರಿ ತಂಗುವಂತಾಗಲಿ ಎಂದು. ಈಚೆಗೆ ಹಣದ ಮುಗ್ಗಟ್ಟಿನಿಂದ ಕೆಲವು ಕಟ್ಟಡಗಳನ್ನು ಮಾರಿದ್ದಾರೆ, ಅದು ನನಗೆ ನೋವಿನ ಸಂಗತಿ. ಕೆಸಿಕ್‌ನದು ಗ್ರೀಟಾ ಹೊಳೆಯ ದಂಡೆಯಲ್ಲೇ ಇದೆ. ಇಬ್ಬರ ಕೋಣೆ ಕೇಳಿ ಪಡೆಯಬಹುದು. ಎಲ್ಲಕ್ಕಿಂತ ಮುಖ್ಯ, ಬಹುಪಾಲು ಹಾಸ್ಟೆಲುಗಳಲ್ಲಿ ತಂಗಿದವರೇ ಅಡುಗೆ ಮಾಡಿಕೊಳ್ಳುವ ಮನೆಯಿರುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಊರಿಂದ ಒಯ್ಯಿರಿ. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಒಳಗೆ ಬಿಡುವುದಿಲ್ಲ. ಅಕ್ಕಿ, ಮೊಸರು, ತರಕಾರಿ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಮಳೆಯಲ್ಲಿ ನೆನೆದು ಬಂದ ಸಂಜೆ ಬಿಸಿ ಅನ್ನ, ತಿಳಿಸಾರು ಇದ್ದರೆ ಯಾವ ಹೋಟೆಲೂ ಬೇಡ.

ಮಳೆಯೆಂದೆ. ಡರ್ವೆಂಟ್ ಸರೋವರದ ತಲೆಯ ಕಡೆಗಿರುವ ಬಾರೊಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಎಂಬ ಹಳ್ಳಿಯಿದೆ. ಜನವಸತಿಯಿರುವ ಜಾಗಗಳಲ್ಲಿ ಇಂಗ್ಲೆಂಡಿನಲ್ಲೇ ಹೆಚ್ಚು ಮಳೆ ಅಲ್ಲಿ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ನಮ್ಮ ಆಗುಂಬೆ ಅದರ ಎರಡರಷ್ಟು ಸುರಿಸುತ್ತದೆ. ಆದರೆ ಆಗುಂಬೆಯದು ನಾಲ್ಕು ತಿಂಗಳ ಆರ್ಭಟ, ಅವರದು ವರ್ಷವಿಡೀ ಹನಿಯುವ ಜಿಟಿಜಿಟಿ. ಏಪ್ರಿಲ್‌ನಿಂದ ಜೂನ್‌ವರೆಗೆ ಕಡಿಮೆ. ಜುಲೈ ಕೊನೆಯಲ್ಲಿ ಶಾಲೆಗಳಿಗೆ ರಜೆ ಬಿದ್ದರೆ ಸೆಪ್ಟೆಂಬರ್ ಬರುವವರೆಗೆ ಎಲ್ಲದರ ಬೆಲೆ ಏರುತ್ತದೆ. ನೀವು ಮೇ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಮೇ ಕೊನೆಯ ವಾರ ಮಾತ್ರ ಬಿಡಿ, ಶಾಲೆಗಳ ನಡುವಿನ ರಜೆ ಅದು.

ಲೆಕ್ಕ ಬರೆಯಲು ಕೂತಾಗಲೆಲ್ಲ ನನಗೆ ಡೊರೊತಿ ವರ್ಡ್ಸ್‌ವರ್ತ್ ನೆನಪಾಗುತ್ತಾಳೆ. ಅಣ್ಣನ ಡ್ಯಾಫೊಡಿಲ್ ಪದ್ಯವನ್ನು ಮೇಷ್ಟ್ರು ಎಷ್ಟು ವರ್ಷ ಪಾಠ ಮಾಡಿದರೋ. ನನ್ನ ತಲೆದಿಂಬಿನ ಪುಸ್ತಕ ತಂಗಿಯ ಗ್ರಾಸ್ಮಿಯರ್ ದಿನಚರಿ. 1802ರ ಏಪ್ರಿಲ್ 15ರ ಪುಟವನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ಓದುತ್ತೇನೆ. ಅಣ್ಣ ತಂಗಿ ಸ್ನೇಹಿತರ ಮನೆಯಿಂದ ಅಲ್ಸ್‌ವಾಟರ್ ಸರೋವರದ ದಂಡೆ ಹಿಡಿದು ಮನೆಯ ಕಡೆ ನಡೆಯುತ್ತಿದ್ದಾರೆ. ಉಸಿರು ಕಟ್ಟಿಸುವ ಗಾಳಿ. ಹಿಂದಿರುಗೋಣವೇ ಎಂದು ಒಮ್ಮೆ ಯೋಚಿಸುತ್ತಾರೆ. ಮೊದಲು ನೀರಿನಂಚಿನಲ್ಲಿ ನಾಲ್ಕಾರು ಹೂ ಕಾಣುತ್ತವೆ. ಮುಂದೆ ಹೋದಂತೆ ಇನ್ನಷ್ಟು, ಆಮೇಲೆ ದಂಡೆಯುದ್ದಕ್ಕೂ ಒಂದು ಪಟ್ಟೆ. ಕೆಲವು ಹೂಗಳು ದಣಿದು ಕಲ್ಲಿಗೆ ತಲೆಯಾನಿಸಿದಂತೆ ಆಕೆಗೆ ಕಂಡವು, ಉಳಿದವು ಗಾಳಿಯ ಜೊತೆ ಆಡುತ್ತಿದ್ದವು. ರಾತ್ರಿ ಪ್ಯಾಟರ್‌ಡೇಲ್‌ನ ಛತ್ರದಲ್ಲಿ ತಂಗಿದರು. ಯಜಮಾನಿಯ ಮುಖ ಗಂಟಿಕ್ಕಿತ್ತು, ಅದು ಅವಳ ಸ್ವಭಾವ. ಊಟಕ್ಕೆ ಹಂದಿಮಾಂಸ, ಆಲೂಗಡ್ಡೆ. ಕೊಟ್ಟದ್ದು ಏಳು ಶಿಲಿಂಗ್. ಇಷ್ಟೂ ಒಂದೇ ದಿನದ ಪುಟದಲ್ಲಿದೆ. ಅದೇ ಕೈ ಹೂವನ್ನೂ ಬರೆಯಿತು, ಬಿಲ್ಲನ್ನೂ ಬರೆಯಿತು. ಪ್ರವಾಸದ ಬರಹಕ್ಕೆ ನಾನು ಕಂಡ ಮೇಲ್ಪಂಕ್ತಿ ಇದೇ. ಒಂಟಿಯಾಗಿ ಅಲೆದೆನೆಂದು ಅಣ್ಣ ಪದ್ಯ ಬರೆದದ್ದು ಆಮೇಲೆ, ಅಚ್ಚಾದದ್ದು 1807ರಲ್ಲಿ. ಅದರ ಅತ್ಯುತ್ತಮ ಎರಡು ಸಾಲು ಹೆಂಡತಿ ಮೇರಿಯವೆಂದು ಕವಿಯೇ ಒಪ್ಪಿಕೊಂಡಿದ್ದಾನೆ. ತಂಗಿಯ ಕಣ್ಣು, ಹೆಂಡತಿಯ ಸಾಲು ಎರಡೂ ಆ ಒಂಟಿತನದೊಳಗಿವೆ.

ಕವಿಯ ಜೊತೆ ನನಗೆ ಇನ್ನೊಂದು ತಕರಾರಿದೆ, ಅದು ಈ ವಾರದ ವಿಷಯಕ್ಕೇ ಸೇರಿದ್ದು. ಈ ಸೀಮೆಗೆ ಆತನೇ ಒಂದು ಮಾರ್ಗದರ್ಶಿ ಬರೆದಿದ್ದ. ನೋಡುವ ಕಣ್ಣು, ಸವಿಯುವ ಮನಸ್ಸು ಇರುವ ಪ್ರತಿಯೊಬ್ಬನಿಗೂ ಈ ನೆಲದಲ್ಲಿ ಪಾಲಿದೆಯೆಂಬ ದೊಡ್ಡ ಮಾತನ್ನು ಅದರಲ್ಲಿ ಹೇಳಿದ್ದ. ಆದರೆ 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರ್‌ಗೆ ರೈಲು ಹಾಕುವ ಮಾತು ಬಂದಾಗ ಆತನೇ ಪತ್ರಿಕೆಗೆ ಪತ್ರ ಬರೆದು ವಿರೋಧಿಸಿದ. ಲ್ಯಾಂಕಶೈರ್‌ನ ಗಿರಣಿ ಕೆಲಸಗಾರರು ರೈಲಿನಲ್ಲಿ ಗುಂಪುಗುಂಪಾಗಿ ಬಂದಿಳಿದರೆ ಅವರಿಗೂ ಉಪಯೋಗವಿಲ್ಲ, ಈ ಕಣಿವೆಗಳಿಗೂ ಕೇಡು ಎಂಬುದು ವಾದ. ಆ ಸಾಲುಗಳನ್ನು ಓದುವಾಗ ನನಗೆ ಸಂಕಟವಾಗುತ್ತದೆ. ವಾರಕ್ಕೆ ಆರು ದಿನ ಮಗ್ಗದ ಸದ್ದಿನಲ್ಲಿ ಕಿವುಡಾದವನಿಗಿಂತ ಆ ಮೌನ ಹೆಚ್ಚು ಬೇಕಾದದ್ದು ಯಾರಿಗೆ? ಮುಂದೆ 1860ರ ದಶಕದಲ್ಲಿ ಅಮೆರಿಕದಲ್ಲಿ ಯುದ್ಧವಾಗಿ ಹತ್ತಿ ನಿಂತಾಗ ಅದೇ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಾಯ್ದೆರೆದವು. ಆ ಮಗ್ಗಗಳ ಮುಂದೆ ನಿಂತವರನ್ನು ನಾನು ಪರಕೀಯರೆಂದು ಎಣಿಸಲಾರೆ. ರೈಲು 1847ರಲ್ಲಿ ಬಂದೇ ಬಂತು. ನೀವು ಇಳಿಯುವುದೂ ಅದೇ ಕವಲು ದಾರಿಯಲ್ಲಿ.

ಇನ್ನು ಹಣದ ಮಾತು ಸಾಕು. ತಡಬೆಯ ವಿಷಯ ಹೇಳದೆ ಈ ವಾರ ಮುಗಿಸಲಾರೆ.

ಮಲೆನಾಡಿನವರಿಗೆ ತಡಬೆ ಎಂದರೇನೆಂದು ವಿವರಿಸಬೇಕಿಲ್ಲ. ದನ ದಾಟದಂತೆ, ಮನುಷ್ಯ ದಾಟುವಂತೆ ಬೇಲಿಗೆ ಕಟ್ಟಿದ ಮೆಟ್ಟಿಲು. ಇಂಗ್ಲೆಂಡಿನ ಹಳ್ಳಿಗಾಡಿನ ತುಂಬ ಅದೇ ತಡಬೆ. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಯಿಂದ ನಾಲ್ಕು ಚಪ್ಪಡಿ ಹೊರಚಾಚಿರುತ್ತವೆ, ಹತ್ತಿ ಇಳಿದರೆ ಯಾರದೋ ಹೊಲ. ಮೊದಲ ಸಲ ನಾನು ಒಂದರ ಮುಂದೆ ನಿಂತು ಹಿಂಜರಿದೆ. ಆಚೆ ಒಬ್ಬ ರೈತ ಬೇಲಿ ಸರಿಮಾಡುತ್ತಿದ್ದ. ಬರಬಹುದೇ ಎಂದು ಕೇಳಿದೆ. "ದಾರಿ ನಿಮ್ಮದು. ಗೇಟು ತೆರೆದರೆ ಮುಚ್ಚಿ, ಅಷ್ಟೇ" ಎಂದ.

ಸೌಜನ್ಯಕ್ಕೆ ಆಡಿದ ಮಾತಲ್ಲ, ಅದು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿಲೋಮೀಟರ್ ಉದ್ದದ ಇಂಥ ಸಾರ್ವಜನಿಕ ದಾರಿಗಳಿವೆ. ಹೆಚ್ಚಿನವು ಖಾಸಗಿ ಜಮೀನಿನ ನಡುವೆಯೇ ಹೋಗುತ್ತವೆ. ನೆಲ ಮಾಲೀಕನದು, ದಾರಿ ನಡೆಯುವವನದು. ಜನ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಒಂದು ದಾರಿಯಲ್ಲಿ ಓಡಾಡಿದ್ದರೆ ಅದನ್ನು ಸಾರ್ವಜನಿಕ ದಾರಿಯೆಂದೇ ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಧಿಸುವ ಹೊಣೆ ಮಾಲೀಕನದು. ಸವೆಸಿದ ಹೆಜ್ಜೆಯೇ ಅಲ್ಲಿ ದಾಖಲೆ. ನಾವು ಹುಡುಗರಾಗಿದ್ದಾಗ ಶಾಲೆಗೆ ಹೋಗುತ್ತಿದ್ದ ಅಡಕೆ ತೋಟದ ಒಳದಾರಿಗೆ ಈಗ ತಂತಿಬೇಲಿ ಬಿದ್ದಿದೆ. ಮೂರು ತಲೆಮಾರು ನಡೆದ ದಾರಿ ಒಂದು ಮಧ್ಯಾಹ್ನದಲ್ಲಿ ಮುಚ್ಚಿಹೋಯಿತು. ಅದಕ್ಕೇ ಆ ರೈತನ ಮಾತು ನನ್ನನ್ನು ಬಿಟ್ಟಿಲ್ಲ.

ಅವರಿಗೂ ಇದೆಲ್ಲ ಸುಮ್ಮನೆ ದಕ್ಕಲಿಲ್ಲ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಕಿಂಡರ್ ಸ್ಕೌಟ್ ಎಂಬ ಬೋಳುಬೆಟ್ಟವಿದೆ. ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಯಾಡಲೆಂದು ಅದನ್ನು ಜನರಿಗೆ ಮುಚ್ಚಿ ಕಾವಲುಗಾರರನ್ನು ಇಟ್ಟಿದ್ದರು. 1932ರ ಏಪ್ರಿಲ್ 24, ಭಾನುವಾರ. ನೂರಾರು ಮಂದಿ ದುಡಿಯುವ ಹುಡುಗ ಹುಡುಗಿಯರು ಹೇಫೀಲ್ಡ್ ಕಡೆಯಿಂದ ಬೇಕೆಂದೇ ಆ ಬೆಟ್ಟ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಇಪ್ಪತ್ತು ವರ್ಷ. ಕಾವಲುಗಾರರೊಡನೆ ತಳ್ಳಾಟವಾಯಿತು, ಐವರು ಜೈಲಿಗೆ ಹೋದರು, ರಾತ್‌ಮನ್‌ಗೆ ನಾಲ್ಕು ತಿಂಗಳು. ಬೆಟ್ಟದ ಮೇಲೆ ನಡೆದದ್ದಕ್ಕೆ ಇಷ್ಟು ಕಠಿಣವಾದ ಶಿಕ್ಷೆಯೇ ಎಂದು ದೇಶ ಬೆಚ್ಚಿತು. ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸಬೇಕೆಂಬ, ರಾಷ್ಟ್ರೀಯ ಉದ್ಯಾನಗಳಾಗಬೇಕೆಂಬ ಕಾಯ್ದೆ 1949ರಲ್ಲಿ ಬಂತು. ಮೊದಲ ಉದ್ಯಾನ 1951ರಲ್ಲಿ ಅದೇ ಪೀಕ್ ಡಿಸ್ಟ್ರಿಕ್ಟ್, ಅದೇ ವರ್ಷ ಲೇಕ್ ಡಿಸ್ಟ್ರಿಕ್ಟ್ ಕೂಡ. ಬೋಳುಬೆಟ್ಟಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಸಿಕ್ಕಿದ್ದು 2000ದ ಕಾಯ್ದೆಯಿಂದ. 2002ರಲ್ಲಿ, ಆ ಘಟನೆಗೆ ಎಪ್ಪತ್ತು ತುಂಬಿದಾಗ, ಡೆವನ್‌ಶೈರ್‌ನ ಡ್ಯೂಕ್ ಅಲ್ಲಿಗೆ ಬಂದು, ತನ್ನ ಅಜ್ಜ ಮಾಡಿದ್ದು ತಪ್ಪೆಂದು ಜನರ ಮುಂದೆ ಕ್ಷಮೆ ಕೇಳಿದ. ರಾತ್‌ಮನ್ ಅಷ್ಟರಲ್ಲಿ ತೀರಿಹೋಗಿದ್ದ.

ಆದ್ದರಿಂದ ಮೇಷ್ಟ್ರೇ, ನಿಮ್ಮ ಪ್ರವಾಸದ ಅತಿ ದೊಡ್ಡ ನೋಟಕ್ಕೆ ಟಿಕೆಟ್ಟಿಲ್ಲ. ಆರ್ಡ್‌ನನ್ಸ್ ಸರ್ವೆಯವರ ಕಿತ್ತಳೆ ರಟ್ಟಿನ ನಕಾಶೆ ಕೊಳ್ಳಿ. ಕೆಸಿಕ್ ಸೀಮೆಗೆ ಓಎಲ್ 4, ಗ್ರಾಸ್ಮಿಯರ್‌ಗೆ ಓಎಲ್ 7. ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಅದರ ಹಸಿರು ತುಂಡುಗೆರೆಗಳೆಲ್ಲ ನಿಮ್ಮ ದಾರಿಗಳೇ. ಒಂದೊಂದು ಹೊಲದ ಗೋಡೆಯೂ ಅದರಲ್ಲಿದೆ, ಹಿಡಿದುಕೊಂಡು ನಡೆದರೆ ದಾರಿ ತಪ್ಪುವುದಿಲ್ಲ. ಮೊದಲ ಸಂಜೆ ಕೆಸಿಕ್‌ನಿಂದ ಎರಡೂವರೆ ಕಿಲೋಮೀಟರ್ ನಡೆದು ಕ್ಯಾಸಲ್‌ರಿಗ್‌ಗೆ ಹೋಗಿ. ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯ ನಿಲುಗಲ್ಲುಗಳ ವೃತ್ತ, ಸುತ್ತ ಗುಡ್ಡಗಳ ಇನ್ನೊಂದು ವೃತ್ತ. ಟಿಕೆಟ್ ಕೇಳುವವರಿಲ್ಲ, ನಡುವೆ ಕುರಿ ಮೇಯುತ್ತಿರುತ್ತವೆ. ಮಾರನೆಯ ದಿನ ದೋಣಿಯಲ್ಲಿ ಡರ್ವೆಂಟ್ ದಾಟಿ ಬ್ರ್ಯಾಂಡಲ್‌ಹೌ ಕಾಡಿನಲ್ಲಿ ಇಳಿಯಿರಿ. ನ್ಯಾಷನಲ್ ಟ್ರಸ್ಟ್ ಸಾರ್ವಜನಿಕರಿಂದ ವಂತಿಗೆ ಎತ್ತಿ 1902ರಲ್ಲಿ ಉಳಿಸಿಕೊಂಡ ಕಾಡು ಅದು. ಮಂಡಿ ಗಟ್ಟಿಯಿದ್ದರೆ ಮೇಲಿನ ಕ್ಯಾಟ್‌ಬೆಲ್ಸ್ ಹತ್ತಿ, 451 ಮೀಟರ್. ಇಲ್ಲದಿದ್ದರೆ ನೀರಿನಂಚಿನ ದಾರಿಯೇ ಸಾಕು.

ನಿಮ್ಮ ಡ್ಯಾಫೊಡಿಲ್ ಮೇ ಹೊತ್ತಿಗೆ ಮುಗಿದಿರುತ್ತದೆ, ಬೇಸರ ಬೇಡ. ಕಾಡಿನ ನೆಲದ ತುಂಬ ಬ್ಲೂಬೆಲ್ ನೀಲಿ ಹರಡಿರುತ್ತದೆ. ಒಂದು ದಿನ 555ರಲ್ಲಿ ಗ್ರಾಸ್ಮಿಯರ್‌ಗೆ ಬಂದು ಚರ್ಚಿನ ಅಂಗಳದಲ್ಲಿ ಅಣ್ಣ, ತಂಗಿ, ಮೇರಿ ಮಲಗಿರುವಲ್ಲಿ ನಿಲ್ಲಿ. ಅಲ್ಲಿಂದ ರೈಡಲ್‌ಗೆ ಗುಡ್ಡದ ಮಗ್ಗುಲಲ್ಲಿ ಹಳೆಯ ಹೆಣದ ದಾರಿಯಿದೆ. ರೈಡಲ್‌ನವರು ತಮ್ಮವರನ್ನು ಮಣ್ಣುಮಾಡಲು ಈ ಚರ್ಚಿಗೆ ಹೊತ್ತು ತರುತ್ತಿದ್ದ ದಾರಿ. ಪೆಟ್ಟಿಗೆ ಇಳಿಸಿ ಹೆಗಲು ಬದಲಿಸಲೆಂದು ದಾರಿಬದಿಯಲ್ಲಿ ಇಟ್ಟ ಅಗಲದ ಚಪ್ಪಡಿ ಇನ್ನೂ ಇದೆ. ನಮ್ಮ ಹಾದಿಗಳ ಹೊರೆಗಲ್ಲು ನೋಡಿದವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಅಲ್ಲಿ ಇಬ್ಬರೂ ಕೂತು ಅವಲಕ್ಕಿ ತಿನ್ನಿ. ರೈಡಲ್‌ಗೆ ಇಳಿದರೆ ರಸ್ತೆಯಲ್ಲಿ ಮತ್ತೆ 555. ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ನಿಲ್ದಾಣದ ಹಲಗೆ ನೋಡಿ ಬರೆದಿಟ್ಟುಕೊಳ್ಳಿ. ಬೆಳಕು ಒಂಬತ್ತರವರೆಗೆ ಇರುತ್ತದೆಂದು ನಂಬಿ ಕೂತರೆ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.